ಬಿಹಾರದ ರೈತರ ಬಳಿ ಪಾಠ ಕಲಿತ ವಿಜ್ಞಾನಿ ಸರ್ ಆಲ್ಬರ್ಟ್ ಹೋವರ್ಡ್

ಸಾವಯವ ಕೃಷಿ ವಿದೇಶದಿಂದ ಬಂದ ಹೊಸ ವಿಚಾರ ಅಂತ ಕೆಲವರು, ಇಲ್ಲ, ಅದು ನಮ್ಮ ಅಜ್ಜಂದಿರ ಕಾಲದ್ದೇ ಅಂತ ಇನ್ನು ಕೆಲವರು ವಾದ ಮಾಡುವುದುಂಟು. ಎರಡರಲ್ಲೂ ಅರ್ಧರ್ಧ ಸತ್ಯ ಇದೆ. ಆ ಎರಡು ಅರ್ಧಗಳನ್ನು ಒಂದು ಕಡೆ ಸೇರಿಸಿದವರು ಸರ್ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ. ಬ್ರಿಟಿಷ್ ಸರಕಾರ ಅವರನ್ನು ಭಾರತಕ್ಕೆ ಕಳಿಸಿದ್ದು ಇಲ್ಲಿನ ಬೇಸಾಯವನ್ನು ಸುಧಾರಿಸಲಿ ಎಂದು. ಅವರು 26 ವರ್ಷ ಇಲ್ಲಿದ್ದು, ಕಲಿಸಿದ್ದಕ್ಕಿಂತ ಹೆಚ್ಚು ಕಲಿತುಕೊಂಡು ಹೋದರು. ಕಲಿತದ್ದನ್ನು ಲೆಕ್ಕ ಹಾಕಿ, ಅಳತೆ ಮಾಡಿ, ಯಾವ ದೇಶದ ರೈತನೂ ಮಾಡಿ ನೋಡಬಹುದಾದ ಒಂದು ಕ್ರಮವಾಗಿ ಬರೆದಿಟ್ಟರು. ಇವತ್ತು ಕೃಷಿ ಪುಸ್ತಕಗಳಲ್ಲಿ ಇಂದೋರ್ ಪದ್ಧತಿಯ ಕಾಂಪೋಸ್ಟ್ ಎಂದು ಓದುವುದು ಅದನ್ನೇ.

ರೈತನ ಮನೆಯ ಹುಡುಗ

ಹೋವರ್ಡ್ ಹುಟ್ಟಿದ್ದು 1873ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಬಿಷಪ್ಸ್ ಕಾಸಲ್ ಎಂಬಲ್ಲಿ. ತಂದೆ ಬೇಸಾಯಗಾರರು. ಮನೆಯಲ್ಲಿ ದನ, ಹೊಲ, ಗೊಬ್ಬರ ಎಲ್ಲವನ್ನೂ ನೋಡುತ್ತಲೇ ಬೆಳೆದ ಹುಡುಗ ಓದಿನಲ್ಲೂ ಮುಂದಿದ್ದ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್, ಆಮೇಲೆ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು, ಹೀಗೆ ಒಳ್ಳೊಳ್ಳೆಯ ಕಡೆ ವಿಜ್ಞಾನ ಕಲಿತು ಉತ್ತಮ ದರ್ಜೆಯಲ್ಲಿ ಪಾಸಾದರು.

ಮೊದಲ ಕೆಲಸ ಸಿಕ್ಕಿದ್ದು ಬಹುದೂರದ ವೆಸ್ಟ್ ಇಂಡೀಸ್‌ನಲ್ಲಿ. 1899ರಿಂದ 1902ರವರೆಗೆ ಅಲ್ಲಿ ಶಿಲೀಂಧ್ರ ತಜ್ಞರಾಗಿ ದುಡಿದರು. ಕಬ್ಬಿಗೆ ಮತ್ತು ಇತರ ಬೆಳೆಗಳಿಗೆ ಬರುವ ರೋಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಾವ ಬೂಷ್ಟಿನಿಂದ ಯಾವ ರೋಗ ಎಂದು ವರದಿ ಬರೆಯುವ ಕೆಲಸ. ಸಂಬಳ, ಗೌರವ ಎರಡೂ ಇತ್ತು. ಆದರೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ರೋಗಕ್ಕೆ ಮದ್ದು ಹೇಳಬೇಕಾದ ತನ್ನ ಬಳಿ ಆ ಮದ್ದನ್ನು ಪ್ರಯೋಗ ಮಾಡಿ ನೋಡಲು ಒಂದು ತುಂಡು ಭೂಮಿಯೂ ಇಲ್ಲ ಎನ್ನುವುದು ಅವರಿಗೆ ಮುಜುಗರ ತಂದಿತು. ತಾನು ಬೆಳೆಯದ ಬೆಳೆಯ ಬಗ್ಗೆ, ಅದನ್ನೇ ಬೆಳೆದು ಬದುಕುವವನಿಗೆ ಬುದ್ಧಿ ಹೇಳುವುದು ಎಷ್ಟು ಸರಿ?

1903ರಲ್ಲಿ ಇಂಗ್ಲೆಂಡಿಗೆ ಮರಳಿ ಕೆಂಟ್ ಪ್ರಾಂತ್ಯದ ವೈ ಕೃಷಿ ಕಾಲೇಜು ಸೇರಿದರು. ಅಲ್ಲಿನ ಮುಖ್ಯ ಬೆಳೆ ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ರುಚಿ ಕೊಡುವ ಹೂವಿನ ಬಳ್ಳಿ. ಬೆಳೆಗಾರರು ಗಂಡು ಬಳ್ಳಿ ದಂಡ ಎಂದು ಅವನ್ನು ಕಿತ್ತು ಹಾಕುತ್ತಿದ್ದರು. ಹೋವರ್ಡ್ ಪರೀಕ್ಷೆ ಮಾಡಿ ನೋಡಿದಾಗ, ಗಂಡು ಬಳ್ಳಿಗಳಿಂದ ಪರಾಗ ಸಿಕ್ಕಿದ ಹೂಗಳೇ ಚೆನ್ನಾಗಿ ಬಲಿಯುತ್ತವೆ, ಬೂಷ್ಟು ರೋಗವನ್ನೂ ಹೆಚ್ಚು ತಡೆದುಕೊಳ್ಳುತ್ತವೆ ಎಂದು ಗೊತ್ತಾಯಿತು. ಯಾವ ಔಷಧವನ್ನೂ ಸಿಂಪಡಿಸದೆ, ಪ್ರಕೃತಿ ಮಾಡುತ್ತಿದ್ದುದನ್ನು ಮಾಡಲು ಬಿಟ್ಟದ್ದಷ್ಟೇ. ಈ ಒಂದು ಸಣ್ಣ ಗೆಲುವು ಅವರ ಮುಂದಿನ ಇಡೀ ಬದುಕಿಗೆ ದಾರಿ ತೋರಿಸಿತು.

ಪೂಸಾದ 75 ಎಕರೆ

1905ರಲ್ಲಿ ಭಾರತದಿಂದ ಕರೆ ಬಂತು. ವೈಸರಾಯ್ ಕರ್ಜನ್ ಕಾಲದಲ್ಲಿ ಬಿಹಾರದ ಪೂಸಾದಲ್ಲಿ ದೊಡ್ಡದೊಂದು ಕೃಷಿ ಸಂಶೋಧನಾ ಸಂಸ್ಥೆ ಆರಂಭವಾಗಿತ್ತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ಶ್ರೀಮಂತರು ಕೊಟ್ಟ ದೇಣಿಗೆಯ ಹಣ ಅದಕ್ಕೆ ನೆರವಾಗಿತ್ತು. ಅಲ್ಲಿ ಹೋವರ್ಡ್ ಅವರಿಗೆ ಸಿಕ್ಕಿದ ಹುದ್ದೆ ಇಂಪೀರಿಯಲ್ ಎಕನಾಮಿಕ್ ಬಾಟನಿಸ್ಟ್. ಹೆಸರು ದೊಡ್ಡದು, ಕೆಲಸ ಮಾತ್ರ ಸರಳ: ಭಾರತದ ಬೆಳೆಗಳ ಇಳುವರಿ ಹೆಚ್ಚಿಸುವುದು.

ಅದೇ ವರ್ಷ ಗೇಬ್ರಿಯೆಲ್ ಮಥಾಯ್ ಅವರೊಂದಿಗೆ ಮದುವೆಯೂ ಆಯಿತು. ಗೇಬ್ರಿಯೆಲ್ ಬರೀ ಅಧಿಕಾರಿಯ ಹೆಂಡತಿ ಅಲ್ಲ. ಕೇಂಬ್ರಿಜ್‌ನ ನ್ಯೂನಮ್ ಕಾಲೇಜಿನಲ್ಲಿದ್ದು, ಎಲೆಗಳು ಬೆಳಕಿನಲ್ಲಿ ಆಹಾರ ತಯಾರಿಸುವ ಕ್ರಿಯೆಯ ಮೇಲೆ ಉಷ್ಣತೆಯ ಪರಿಣಾಮ ಏನೆಂದು ಸಂಶೋಧನೆ ಮಾಡಿ ಆಗಲೇ ಹೆಸರು ಗಳಿಸಿದ್ದ ಸಸ್ಯ ವಿಜ್ಞಾನಿ. ಪೂಸಾದಲ್ಲಿ ಮೊದಲ ಕೆಲವು ವರ್ಷ ಸಂಬಳ ಇಲ್ಲದೆಯೇ ಗಂಡನ ಸರಿಸಮಕ್ಕೆ ದುಡಿದರು. 1913ರಲ್ಲಿ ಸರಕಾರ ಅವರನ್ನು ಎರಡನೇ ಇಂಪೀರಿಯಲ್ ಎಕನಾಮಿಕ್ ಬಾಟನಿಸ್ಟ್ ಆಗಿ ನೇಮಿಸಿತು. ಅಲ್ಲಿಂದ ಮುಂದೆ ಹೋವರ್ಡ್ ಮಾಡಿದ್ದು ಎಂದು ಇವತ್ತು ಹೇಳುವ ಕೆಲಸದಲ್ಲೆಲ್ಲ ಅರ್ಧ ಪಾಲು ಗೇಬ್ರಿಯೆಲ್ ಅವರದ್ದು. ಗಂಡ ಹೆಂಡತಿ ಸೇರಿ ಭಾರತದ ಗೋಧಿ ತಳಿಗಳನ್ನು ಅಭ್ಯಾಸ ಮಾಡಿ 1909ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅವರು ಆಯ್ದು ಬೆಳೆಸಿದ ಪೂಸಾ 4, ಪೂಸಾ 12 ಗೋಧಿ ತಳಿಗಳು ಉತ್ತರ ಭಾರತದಲ್ಲಿ ಬಹಳ ಕಡೆ ಹಬ್ಬಿದವು.

ಆದರೆ ಹೋವರ್ಡ್ ಅವರ ತಲೆಯಲ್ಲಿದ್ದುದು ಬೇರೆ. ಅವರಿಗೆ ಕೊನೆಗೂ ಸ್ವಂತ ಪ್ರಯೋಗಕ್ಕೆ ಭೂಮಿ ಸಿಕ್ಕಿತ್ತು, ಸುಮಾರು 75 ಎಕರೆ. ಅಲ್ಲಿ ಬೆಳೆ ತೆಗೆಯಲು ಹೊರಟಾಗ ಒಂದು ವಿಷಯ ಗಮನಕ್ಕೆ ಬಂತು. ಪೂಸಾ ಸುತ್ತಲಿನ ಹಳ್ಳಿಗಳ ಹೊಲಗಳಲ್ಲಿ ಬೆಳೆಗಳಿಗೆ ಅಷ್ಟೇನೂ ರೋಗ ಇಲ್ಲ, ಹುಳದ ಕಾಟವೂ ಕಡಿಮೆ. ಅಲ್ಲಿನ ರೈತರು ಕ್ರಿಮಿನಾಶಕದ ಹೆಸರೇ ಕೇಳಿದವರಲ್ಲ. ಅಂಗಡಿ ಗೊಬ್ಬರ ತರಲು ಅವರ ಕೈಯಲ್ಲಿ ಕಾಸೂ ಇರಲಿಲ್ಲ. ಆದರೂ ಅದೇ ನೆಲದಲ್ಲಿ ತಲೆತಲಾಂತರದಿಂದ ಬೆಳೆ ತೆಗೆಯುತ್ತಲೇ ಬಂದಿದ್ದಾರೆ.

ಬೇರೆ ಅಧಿಕಾರಿಯಾಗಿದ್ದರೆ ಇದನ್ನು ಅದೃಷ್ಟ ಎನ್ನುತ್ತಿದ್ದರೋ ಏನೋ. ಹೋವರ್ಡ್ ಈ ರೈತರನ್ನೇ ತಮ್ಮ ಪ್ರಾಧ್ಯಾಪಕರೆಂದು ತಿಳಿದುಕೊಂಡರು. ಅವರ ಜೊತೆಗೆ ಇನ್ನೊಂದು ಗುರುವನ್ನೂ ಒಪ್ಪಿಕೊಂಡರು, ಹುಳ ಮತ್ತು ರೋಗ. ಹುಳ ಬಿದ್ದರೆ ಅದನ್ನು ಕೊಲ್ಲುವ ಮೊದಲು, ಇಲ್ಲಿ ಬೇಸಾಯದಲ್ಲಿ ಏನು ತಪ್ಪಾಗಿದೆ, ಈ ಮಣ್ಣಿಗೆ ಈ ತಳಿ ಹೊಂದುತ್ತದೋ ಇಲ್ಲವೋ, ಬೇರಿಗೆ ಗಾಳಿ ಸಿಗುತ್ತಿದೆಯೋ ಇಲ್ಲವೋ ಎಂದು ಕೇಳಬೇಕು ಎನ್ನುವುದು ಅವರ ಲೆಕ್ಕ. ರೈತರು ಜೋಳದ ಜೊತೆ ತೊಗರಿ, ಗೋಧಿಯ ಜೊತೆ ಕಡಲೆ ಹೀಗೆ ಧಾನ್ಯ ಮತ್ತು ಬೇಳೆಯನ್ನು ಬೆರೆಸಿ ಬಿತ್ತುವುದನ್ನು ನೋಡಿದರು. ಬೇಳೆ ಬೆಳೆಗಳ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ ಎಂದು ಯುರೋಪಿನ ವಿಜ್ಞಾನ ಪತ್ತೆ ಮಾಡಿದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಇಲ್ಲಿನ ರೈತರು ಕಾರಣ ಗೊತ್ತಿಲ್ಲದೆಯೇ ಅದನ್ನು ಯಾವತ್ತಿನಿಂದಲೋ ಮಾಡಿಕೊಂಡು ಬಂದಿದ್ದರು.

1910ರ ಹೊತ್ತಿಗೆ ರಾಸಾಯನಿಕ ಗೊಬ್ಬರ, ಸಿಂಪಡಣೆ ಯಾವುದೂ ಇಲ್ಲದೆ ಹೆಚ್ಚು ಕಡಿಮೆ ರೋಗವೇ ಇಲ್ಲದ ಬೆಳೆ ತೆಗೆಯುವುದನ್ನು ತಾವು ಕಲಿತೆವು ಎಂದು ಅವರಿಗೆ ಅನಿಸಿತು. ಮುಂದಿನ ಪ್ರಶ್ನೆ: ಅಂಥ ಮೇವು ತಿಂದ ದನಕ್ಕೆ ರೋಗ ಬರುತ್ತದೆಯೇ?

ಮೂತಿಗೆ ಮೂತಿ ಉಜ್ಜಿದ ಎತ್ತುಗಳು

ಇದನ್ನು ಪರೀಕ್ಷಿಸಲು ಅವರಿಗೆ ಸ್ವಂತ ಎತ್ತುಗಳು ಬೇಕಿತ್ತು. ಸಂಸ್ಥೆಯ ನಿಯಮದಲ್ಲಿ ಅದಕ್ಕೆ ಅವಕಾಶ ಕೊಡಲು ಮೇಲಿನವರು ಹಿಂದೇಟು ಹಾಕಿದರು. ಓಡಾಡಿ, ಹಟ ಹಿಡಿದು ಆರು ಜೊತೆ ಎತ್ತುಗಳನ್ನು ಪಡೆದುಕೊಂಡರು. ತಾವೇ ಆರಿಸಿದ ಎತ್ತು, ತಾವೇ ಕಟ್ಟಿಸಿದ ಕೊಟ್ಟಿಗೆ, ತಮ್ಮ ಹೊಲದಲ್ಲೇ ಬೆಳೆದ ಮೇವು. ಯಾವ ಎತ್ತಿಗೂ ಚುಚ್ಚುಮದ್ದು ಹಾಕಿಸಲಿಲ್ಲ.

ಬೇಲಿಯ ಆಚೆ ಬದಿ ಪೂಸಾ ಎಸ್ಟೇಟಿನ ದೊಡ್ಡ ದನದ ಕೊಟ್ಟಿಗೆ ಇತ್ತು. ಅಲ್ಲಿ ಕಾಲುಬಾಯಿ ಜ್ವರ ಆಗಾಗ ಬರುತ್ತಿತ್ತು. ಹೋವರ್ಡ್ ಅವರ ಎತ್ತುಗಳು ಆ ರೋಗದ ದನಗಳ ಮೂತಿಗೆ ಮೂತಿ ಉಜ್ಜುವುದನ್ನು ಅವರು ಹಲವು ಸಲ ಕಣ್ಣಾರೆ ಕಂಡರು. ಎತ್ತುಗಳಿಗೆ ಏನೂ ಆಗಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಬೆಳೆದ ಮೇವು ತಿಂದ ದನಕ್ಕೆ ರೋಗ ತಡೆಯುವ ಶಕ್ತಿ ತಾನಾಗಿಯೇ ಬರುತ್ತದೆ ಎಂದು ಅವರು ತೀರ್ಮಾನಿಸಿದರು.

ಈ ತೀರ್ಮಾನವನ್ನು ಬೇರೆ ವಿಜ್ಞಾನಿಗಳು ಸುಲಭಕ್ಕೆ ಒಪ್ಪಲಿಲ್ಲ. ಹನ್ನೆರಡು ಎತ್ತುಗಳನ್ನು ನೋಡಿ ಇಷ್ಟು ದೊಡ್ಡ ಮಾತು ಹೇಳಬಹುದೇ ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯವೂ ಇತ್ತು. ಕಾಲುಬಾಯಿ ಜ್ವರಕ್ಕೆ ಲಸಿಕೆಯೇ ಬೇಡ ಎಂದು ಇವತ್ತು ಯಾವ ಪಶುವೈದ್ಯರೂ ಹೇಳಲಿಕ್ಕಿಲ್ಲ. ಆದರೆ ಮಣ್ಣು, ಬೆಳೆ, ದನ, ಮನುಷ್ಯ ಈ ನಾಲ್ಕರ ಆರೋಗ್ಯವನ್ನು ಬೇರೆ ಬೇರೆ ಖಾತೆಯಲ್ಲಿ ಬರೆಯಬಾರದು, ಎಲ್ಲ ಒಂದೇ ಖಾತೆ ಎನ್ನುವ ಅವರ ನಂಬಿಕೆ ಗಟ್ಟಿಯಾದದ್ದು ಈ ಎತ್ತುಗಳಿಂದಲೇ.

1910ರ ನಂತರ ಸುಮಾರು ಒಂದು ದಶಕ ಹೋವರ್ಡ್ ದಂಪತಿ ಬೇಸಿಗೆಯನ್ನು ಬಲೂಚಿಸ್ತಾನದ ಕ್ವೆಟ್ಟಾದಲ್ಲಿ ಕಳೆಯುತ್ತಿದ್ದರು. ಅಲ್ಲಿ ಹಣ್ಣಿನ ತೋಟಗಳ ಸಂಶೋಧನೆ, ಹಣ್ಣು ಹಾಳಾಗದಂತೆ ದೂರದ ಊರುಗಳಿಗೆ ಕಳಿಸುವ ಪೆಟ್ಟಿಗೆಗಳ ತಯಾರಿ, ಕಡಿಮೆ ನೀರಿನಲ್ಲಿ ಗೋಧಿ ಬೆಳೆಯುವ ಪ್ರಯೋಗ ಎಲ್ಲ ನಡೆದವು. ನೀರು ಹೆಚ್ಚು ಕೊಟ್ಟಷ್ಟೂ ಬೆಳೆ ಹೆಚ್ಚು ಅನ್ನುವುದು ತಪ್ಪು, ನೀರು ನಿಂತರೆ ಮಣ್ಣಿನ ಉಸಿರು ಕಟ್ಟುತ್ತದೆ ಎಂದು ತೋರಿಸಿಕೊಟ್ಟರು. ಬಿಹಾರದಲ್ಲಿ ನೀಲಿ ಗಿಡಗಳು ಬಾಡಿ ಸಾಯುತ್ತಿದ್ದುದಕ್ಕೂ ಬೇರಿಗೆ ಗಾಳಿ ಸಿಗದಿರುವುದೇ ಕಾರಣ ಎಂದು ಇಬ್ಬರೂ ವಾದಿಸಿದರು.

ಇಷ್ಟರಲ್ಲಿ ಪೂಸಾದ ವ್ಯವಸ್ಥೆಯೇ ಅವರಿಗೆ ಸಾಕೆನಿಸಿತು. ಅಲ್ಲಿ ಸಸ್ಯಕ್ಕೊಂದು ವಿಭಾಗ, ಹುಳಕ್ಕೊಂದು, ಬೂಷ್ಟಿಗೊಂದು, ರಸಾಯನಕ್ಕೊಂದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕುವಂತಿಲ್ಲ. ಹೊಲದಲ್ಲಿರುವ ಗಿಡಕ್ಕೆ ಈ ವಿಭಾಗಗಳು ಗೊತ್ತಿಲ್ಲವಲ್ಲ!

ಇಂದೋರಿನ ಹೊಂಡಗಳು

1924ರಲ್ಲಿ ಇಂದೋರಿನಲ್ಲಿ ಹೊಸ ಸಂಸ್ಥೆ ಕಟ್ಟಲು ಅವಕಾಶ ಸಿಕ್ಕಿತು. ಹೋಳ್ಕರ್ ದರ್ಬಾರು 300 ಎಕರೆ ಭೂಮಿ ಕೊಟ್ಟಿತು. ಇಂಡಿಯನ್ ಸೆಂಟ್ರಲ್ ಕಾಟನ್ ಕಮಿಟಿ ಮತ್ತು ಮಧ್ಯ ಭಾರತದ ಸಂಸ್ಥಾನಗಳು ಹಣ ಕೊಟ್ಟವು. ಇನ್‌ಸ್ಟಿಟ್ಯೂಟ್ ಆಫ್ ಪ್ಲಾಂಟ್ ಇಂಡಸ್ಟ್ರಿ ಎಂಬ ಆ ಸಂಸ್ಥೆಗೆ ಹೋವರ್ಡ್ ನಿರ್ದೇಶಕರು. ಹತ್ತಿ ಬೆಳೆಯುವ ಕಪ್ಪು ಮಣ್ಣಿನ ಸೀಮೆ ಅದು. ಹತ್ತಿಯ ಬಗ್ಗೆ ಸಂಶೋಧನೆ ಮಾಡಲಿ ಎಂದು ಕೊಟ್ಟ ಹಣದಿಂದಲೇ ಅವರು ಹತ್ತಿಗೂ ಮೊದಲು ಮಣ್ಣನ್ನು ಹಿಡಿದುಕೊಂಡರು.

ಸಮಸ್ಯೆ ಸ್ಪಷ್ಟವಾಗಿತ್ತು. ಬೆಳೆ ಪ್ರತಿ ವರ್ಷ ಮಣ್ಣಿನಿಂದ ಸಾರ ತೆಗೆಯುತ್ತದೆ. ತೆಗೆದದ್ದನ್ನು ತಿರುಗಿ ಕಟ್ಟದಿದ್ದರೆ ಅದು ಆದಾಯ ಅಲ್ಲ, ಅಸಲನ್ನೇ ತಿನ್ನುವುದು. ಬಂಡವಾಳವನ್ನು ತೆಗೆದು ಲಾಭ ಎಂದು ತೋರಿಸುವ ಕಂಪನಿ ನಾಲ್ಕು ವರ್ಷ ಚೆನ್ನಾಗಿ ನಡೆದಂತೆ ಕಾಣುತ್ತದೆ, ಐದನೇ ವರ್ಷ ಬಾಗಿಲು ಮುಚ್ಚುತ್ತದೆ. ಹೊಲದ ಗತಿಯೂ ಅದೇ ಎಂದು ಹೋವರ್ಡ್ ನಂಬಿದ್ದರು.

ತಿರುಗಿ ಕಟ್ಟುವುದು ಹೇಗೆ? ಜರ್ಮನಿಯ ಲೀಬಿಗ್ ಎಂಬ ರಸಾಯನ ವಿಜ್ಞಾನಿ 1840ರಲ್ಲಿ ಬರೆದ ಪುಸ್ತಕದ ನಂತರ, ಗಿಡಕ್ಕೆ ಬೇಕಾದ ಲವಣಗಳನ್ನು ಲೆಕ್ಕ ಹಾಕಿ ಕೊಟ್ಟರೆ ಸಾಕು ಎನ್ನುವ ವಿಚಾರ ಬೆಳೆದಿತ್ತು. 20ನೇ ಶತಮಾನದಲ್ಲಿ ಗಾಳಿಯಿಂದಲೇ ಸಾರಜನಕ ಹಿಡಿಯುವ ಕಾರ್ಖಾನೆಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದಿಗೆ ಬೇಕಾದ ಸಾರಜನಕವನ್ನು ತಯಾರಿಸಿದ ಉದ್ಯಮ, ಯುದ್ಧ ಮುಗಿದ ಮೇಲೆ ಗೊಬ್ಬರದ ಮಾರುಕಟ್ಟೆ ಹುಡುಕಿತು. ಹೋವರ್ಡ್ ಹೇಳಿದ್ದು, ಸಾರಜನಕ, ರಂಜಕ, ಪೊಟ್ಯಾಷ್ ಈ ಮೂರನ್ನೇ ಲೆಕ್ಕಕ್ಕೆ ಹಿಡಿದರೆ ಮಣ್ಣಿನ ಜೀವವನ್ನು ಮರೆತಂತೆ ಎಂದು. ಕೊಳೆತು ಕಪ್ಪಾದ ಹ್ಯೂಮಸ್ ಇದ್ದರೆ ಮಾತ್ರ ಮಣ್ಣು ನೀರು ಹಿಡಿಯುತ್ತದೆ, ಅದರಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳು ಬದುಕುತ್ತವೆ. ಬರೀ ಚೀಲದ ಗೊಬ್ಬರದಿಂದ ಅದು ಬರಲ್ಲ.

ಆದರೆ ಹ್ಯೂಮಸ್‌ಗೆ ಸಗಣಿ ಬೇಕು. ಭಾರತದ ಹಳ್ಳಿಯಲ್ಲಿ ಸೌದೆ ಇಲ್ಲದ ಬಡವರು ಸಗಣಿಯನ್ನು ಬೆರಣಿ ತಟ್ಟಿ ಉರಿಸುತ್ತಾರೆ. ಉರಿಸಬೇಡಿ ಎಂದು ಉಪದೇಶ ಮಾಡಿದರೆ ಅನ್ನ ಬೇಯುವುದು ಹೇಗೆ? ಹಾಗಾಗಿ ಇರುವ ಸ್ವಲ್ಪ ಸಗಣಿಯಿಂದ ಬಹಳಷ್ಟು ಗೊಬ್ಬರ ಮಾಡುವ ದಾರಿ ಹುಡುಕಬೇಕಿತ್ತು. ಚೀನಾದ ರೈತರು ಕಸಕಡ್ಡಿ, ಕೆಸರು, ಮನುಷ್ಯರ ಮಲ ಏನನ್ನೂ ಬಿಡದೆ ಗೊಬ್ಬರ ಮಾಡಿ ನಾಲ್ಕು ಸಾವಿರ ವರ್ಷದಿಂದ ಅದೇ ಭೂಮಿಯಲ್ಲಿ ಬೆಳೆಯುತ್ತಿದ್ದಾರೆ ಎಂದು ಅಮೆರಿಕದ ಎಫ್. ಎಚ್. ಕಿಂಗ್ ಎಂಬ ಮಣ್ಣು ವಿಜ್ಞಾನಿಯ ಪುಸ್ತಕ 1911ರಲ್ಲಿ ಬಂದಿತ್ತು. ಹೋವರ್ಡ್ ಅದನ್ನು ಓದಿದ್ದರು. ಚೀನೀಯರ ಅನುಭವ, ಭಾರತದ ರೈತರ ರೂಢಿ, ತಮ್ಮ ವಿಜ್ಞಾನ ಮೂರನ್ನೂ ಸೇರಿಸಿ ಇಂದೋರಿನಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಈ ಕೆಲಸದಲ್ಲಿ ರಸಾಯನಶಾಸ್ತ್ರದ ಲೆಕ್ಕವನ್ನೆಲ್ಲ ನೋಡಿಕೊಂಡವರು ಅವರ ಸಹೋದ್ಯೋಗಿ ಯಶವಂತ ವಾಡ್.

ಪದ್ಧತಿ ಹೀಗಿತ್ತು. ಹೊಲದ ಕಳೆ, ಒಣ ಎಲೆ, ಹುಲ್ಲು, ಕಬ್ಬಿನ ತರಗು, ಸೆಣಬು ಏನೇ ಸಿಕ್ಕಿದರೂ ಒಟ್ಟು ಮಾಡುವುದು. ಹತ್ತಿ ಮತ್ತು ತೊಗರಿಯ ಗಟ್ಟಿ ಕಡ್ಡಿಗಳನ್ನು ಗಾಡಿ ಓಡಾಡುವ ದಾರಿಯಲ್ಲಿ ಹಾಸುವುದು. ಚಕ್ರದಡಿ ಸಿಕ್ಕಿ ಅವು ತಾವೇ ಪುಡಿಯಾಗುತ್ತವೆ, ಬೇರೆ ಕೂಲಿ ಬೇಡ. ಈ ಕಸವನ್ನೆಲ್ಲ ಎತ್ತುಗಳ ಕಾಲಡಿಗೆ ಹಾಸಿದರೆ ಗಂಜಲ, ಸಗಣಿ ಅದರಲ್ಲಿ ಬೆರೆಯುತ್ತದೆ. ಕರಾವಳಿ, ಮಲೆನಾಡಿನ ಹಟ್ಟಿಗಳಿಗೆ ಸೊಪ್ಪು, ತರಗೆಲೆ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿಗೆಯ ನೆಲಕ್ಕೆ ಸಿಮೆಂಟ್ ಹಾಕದೆ ಮಣ್ಣಿನದ್ದೇ ಇಡುತ್ತಿದ್ದರು. ಗಂಜಲ ಹೀರಿದ ಆ ಮಣ್ಣನ್ನು ಕೆಲವು ತಿಂಗಳಿಗೊಮ್ಮೆ ಅಗೆದು ತೆಗೆದು, ಹೊಸ ಮಣ್ಣು ತುಂಬುವುದು. ತೆಗೆದ ಮಣ್ಣೂ ಗೊಬ್ಬರದ ಹೊಂಡಕ್ಕೆ ಹೋಗುತ್ತದೆ, ಜೊತೆಗೆ ಒಲೆಯ ಬೂದಿ.

ಹೊಂಡ ಸುಮಾರು 30 ಅಡಿ ಉದ್ದ, 14 ಅಡಿ ಅಗಲ. ಆಳ ಮಾತ್ರ ಎರಡೇ ಅಡಿ. ಆಳ ಹೆಚ್ಚಾದರೆ ಒಳಗೆ ಗಾಳಿ ಆಡುವುದಿಲ್ಲ. ಕಸ, ಸಗಣಿ, ಗಂಜಲದ ಮಣ್ಣು, ಬೂದಿ ಹೀಗೆ ಪದರ ಪದರವಾಗಿ ತುಂಬಿ ನೀರು ಚಿಮುಕಿಸುವುದು. ತುಳಿದು ಗಟ್ಟಿ ಮಾಡಬಾರದು. ಕೆಲವೇ ದಿನಗಳಲ್ಲಿ ಒಳಗೆ ಕೈ ಇಡಲಾಗದಷ್ಟು ಬಿಸಿ ಏರುತ್ತದೆ. ಮೊದಲು ಬಿಳಿ ಬೂಷ್ಟು ಹಬ್ಬಿ ನಾರನ್ನು ಒಡೆಯುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳ ಸರದಿ. ಸುಮಾರು ಎರಡು ವಾರಕ್ಕೆ ಒಮ್ಮೆ, ತಿಂಗಳಿಗೆ ಮತ್ತೊಮ್ಮೆ, ಎರಡು ತಿಂಗಳಿಗೆ ಮೂರನೇ ಸಲ ರಾಶಿಯನ್ನು ಮಗುಚಬೇಕು. ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಮಳೆಗಾಲದಲ್ಲಿ ಹೊಂಡಕ್ಕೆ ನೀರು ತುಂಬುವುದರಿಂದ ನೆಲದ ಮೇಲೆಯೇ ರಾಶಿ ಹಾಕುವುದು. ಸರಿಯಾಗಿ ಮಾಡಿದರೆ ನಾತ ಇಲ್ಲ, ನೊಣ ಇಲ್ಲ. ನಾತ ಬಂದರೆ ಗಾಳಿ ಸಾಲದು ಎಂದು ಅರ್ಥ. ಯಂತ್ರ ಬೇಡ, ಅಂಗಡಿಯಿಂದ ಏನನ್ನೂ ತರಬೇಕಾಗಿಲ್ಲ.

1931ರಲ್ಲಿ ಹೋವರ್ಡ್ ಮತ್ತು ವಾಡ್ ಇಬ್ಬರ ಹೆಸರಲ್ಲೂ ಈ ಪದ್ಧತಿಯ ಪುಸ್ತಕ ಹೊರಬಂತು. ಕೃಷಿಯ ತ್ಯಾಜ್ಯವನ್ನು ಹ್ಯೂಮಸ್ ಮಾಡುವ ಬಗ್ಗೆ ಬರೆದ ಆ ಪುಸ್ತಕ ತೆಳ್ಳಗಿತ್ತು, ಆದರೆ ಬಹಳ ದೂರ ಹೋಯಿತು.

ಗೆಲುವಿನ ಹೊತ್ತಿಗೆ ಬಂದ ಸಾವು

ಪುಸ್ತಕ ನೋಡಲು ಗೇಬ್ರಿಯೆಲ್ ಇರಲಿಲ್ಲ. 1930ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಅವರು ತೀರಿಕೊಂಡರು. ಕಾಲು ಶತಮಾನ ಒಟ್ಟಿಗೆ ಹೊಲದಲ್ಲಿ ನಿಂತು ದುಡಿದ ಜೊತೆಗಾತಿ ಹೋದ ಮೇಲೆ ಹೋವರ್ಡ್ ಇಂದೋರಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 1931ರಲ್ಲಿ ನಿವೃತ್ತಿ ಪಡೆದು ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ಗೇಬ್ರಿಯೆಲ್ ಅವರ ತಂಗಿ ಲೂಯಿಸ್ ಅವರನ್ನು ಮದುವೆಯಾದರು. ಲೂಯಿಸ್ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ ಕೆಲಸ ಮಾಡಿದ್ದ ವಿದ್ವಾಂಸೆ. ಹೋವರ್ಡ್ ಅವರ ಉಳಿದ ಬದುಕಿನ ಬರವಣಿಗೆಗೆ ಅವರೇ ಬೆನ್ನೆಲುಬು.

ನಿವೃತ್ತಿಯ ನಂತರ ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರಬಹುದಿತ್ತು. ಅವರು ಕೂರಲಿಲ್ಲ. ಪೂರ್ವ ಆಫ್ರಿಕಾದ ಕಾಫಿ ತೋಟಗಳು, ಭಾರತ ಮತ್ತು ಸಿಲೋನಿನ ಚಹಾ ತೋಟಗಳಿಂದ ಪತ್ರಗಳು ಬರತೊಡಗಿದವು. ಎಲ್ಲರಿಗೂ ಉತ್ತರ, ಸಲಹೆ. ಅನೇಕ ತೋಟಗಳಲ್ಲಿ ಇಂದೋರ್ ಹೊಂಡಗಳು ಎದ್ದವು. 1934ರಲ್ಲಿ ಸರ್ ಪದವಿ ಬಂತು. 1935ರಲ್ಲಿ ಇಂದೋರಿಗೆ ಹೋಗಿದ್ದ ಗಾಂಧೀಜಿ ಈ ಸಂಸ್ಥೆಯನ್ನು ನೋಡಿ, ಹರಿಜನ ಪತ್ರಿಕೆಯ ಮೂಲಕ ಅಲ್ಲಿನ ಗೊಬ್ಬರದ ವಿಧಾನವನ್ನು ಹಳ್ಳಿಗಳಿಗೆ ತಿಳಿಸಿದರು. ಹೋವರ್ಡ್ ಆ ಹೊತ್ತಿಗೆ ಅಲ್ಲಿರಲಿಲ್ಲ.

1940ರಲ್ಲಿ ಬಂದ ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್ ಅವರ ಮುಖ್ಯ ಪುಸ್ತಕ. ಕಾಡಿನಲ್ಲಿ ಯಾರೂ ಗೊಬ್ಬರ ಹಾಕುವುದಿಲ್ಲ, ಆದರೂ ಕಾಡು ಸೊರಗುವುದಿಲ್ಲ. ಅಲ್ಲಿ ಬಿದ್ದ ಎಲೆ, ಸತ್ತ ಪ್ರಾಣಿ ಎಲ್ಲವೂ ಮಣ್ಣಿಗೇ ಮರಳುತ್ತವೆ. ಬೇಸಾಯವೂ ಹಾಗೆಯೇ ಇರಬೇಕು ಎನ್ನುವುದು ಅದರ ಸಾರ. ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರಗಳು ಗಿಡಕ್ಕೆ ಆಹಾರ ಒದಗಿಸುತ್ತವೆ ಎನ್ನುವುದಕ್ಕೆ ಅವರು ಅದರಲ್ಲಿ ಬಹಳ ಮಹತ್ವ ಕೊಟ್ಟರು. ಅಮೆರಿಕದ ಜೆ. ಐ. ರೋಡೇಲ್ ಈ ವಿಚಾರಗಳನ್ನು ಓದಿ ಪ್ರಭಾವಿತರಾಗಿ ಪೆನ್ಸಿಲ್ವೇನಿಯಾದಲ್ಲಿ ತೋಟ ಮಾಡಿ, 1942ರಲ್ಲಿ ಸಾವಯವ ಕೃಷಿಗೇ ಮೀಸಲಾದ ಪತ್ರಿಕೆ ಆರಂಭಿಸಿದರು. ಇಂಗ್ಲೆಂಡಿನಲ್ಲಿ ಲೇಡಿ ಈವ್ ಬಾಲ್ಫರ್ 1943ರಲ್ಲಿ ಜೀವಂತ ಮಣ್ಣಿನ ಬಗ್ಗೆ ಪುಸ್ತಕ ಬರೆದರು. 1946ರಲ್ಲಿ ಅಲ್ಲಿ ಸಾಯಿಲ್ ಅಸೋಸಿಯೇಷನ್ ಹುಟ್ಟಿಕೊಂಡಿತು.

ಆದರೆ ಸರಕಾರಿ ವಿಜ್ಞಾನದ ವಲಯದಲ್ಲಿ ಹೋವರ್ಡ್ ಒಂಟಿಯಾಗುತ್ತ ಹೋದರು. ಎರಡನೇ ಮಹಾಯುದ್ಧದ ಕಾಲ, ಬ್ರಿಟನ್ನಿಗೆ ಬೇಗ ಬೇಗ ಹೆಚ್ಚು ಆಹಾರ ಬೇಕು, ಅದಕ್ಕೆ ರಾಸಾಯನಿಕ ಗೊಬ್ಬರ ಬೇಕು. ಅಂಥ ಹೊತ್ತಲ್ಲಿ ಆ ಗೊಬ್ಬರದ ವಿರುದ್ಧ ಮಾತಾಡುವ ಮುದುಕ ಯಾರಿಗೆ ಇಷ್ಟವಾಗುತ್ತಾನೆ? ಅವರ ಮಾತೂ ಮೆದು ಇರಲಿಲ್ಲ. ಸಂಶೋಧನಾ ಸಂಸ್ಥೆಗಳನ್ನೂ ಗೊಬ್ಬರ ಕಂಪನಿಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ಟೀಕಿಸಿದರು. ತಮ್ಮದೇ ವಿಚಾರದಿಂದ ಹುಟ್ಟಿದ ಸಾಯಿಲ್ ಅಸೋಸಿಯೇಷನ್‌ಗೂ ಅವರು ಸೇರಲಿಲ್ಲ.

1947ರ ಅಕ್ಟೋಬರ್ 20ರಂದು ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ಹೋವರ್ಡ್ ನಿಧನರಾದರು. ಅವರಿಗೆ ಪಾಠ ಕಲಿಸಿದ ದೇಶ ಸ್ವತಂತ್ರವಾಗಿ ಎರಡು ತಿಂಗಳಷ್ಟೇ ಆಗಿತ್ತು. ಭಾರತದಲ್ಲಿ ಅವರು ಮಾಡಿದ ಕೆಲಸದ ವಿವರಗಳನ್ನೆಲ್ಲ ಒಟ್ಟುಗೂಡಿಸಿ ಲೂಯಿಸ್ 1953ರಲ್ಲಿ ಪುಸ್ತಕ ತಂದರು.

ಬೆಂಗಳೂರು ಸೇರಿಸಿದ ಪಾಠ

ಇಂದೋರ್ ಪದ್ಧತಿಗೆ ಒಂದು ದೊಡ್ಡ ತೊಡಕು ಇತ್ತು, ಮಗುಚುವ ಕೆಲಸ. ಮೂರು ಸಲ ರಾಶಿ ತಿರುವಲು ಆಳು ಬೇಕು. ತೋಟದ ಕಂಪನಿಗಳಿಗೆ ಅದು ಕಷ್ಟ ಅಲ್ಲ. ಹೆಂಡತಿ ಮಕ್ಕಳೊಂದಿಗೆ ಎರಡು ಎಕರೆ ಮಾಡುವ ಸಣ್ಣ ರೈತನಿಗೆ ಬಿತ್ತನೆ, ಕಳೆ, ಕೊಯ್ಲಿನ ನಡುವೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಯಾರಿಂದ ಕಲಿತರೋ ಅವರಿಗೇ ಈ ಪದ್ಧತಿ ಪೂರ್ತಿ ದಕ್ಕಲಿಲ್ಲ ಎನ್ನುವುದು ಹೋವರ್ಡ್ ಕಥೆಯ ಬೇಸರದ ಭಾಗ.

ಇದಕ್ಕೆ ಒಂದು ಉತ್ತರ ಬಂದದ್ದು ಕರ್ನಾಟಕದಿಂದಲೇ. 1939ರಲ್ಲಿ ಡಾ. ಸಿ. ಎನ್. ಆಚಾರ್ಯ ಬೆಂಗಳೂರಿನಲ್ಲಿ ಇನ್ನೊಂದು ವಿಧಾನ ರೂಪಿಸಿದರು. ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಕೆಸರು ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮಗುಚುವ ಕೆಲಸವೇ ಇಲ್ಲ. ಮೂರು ತಿಂಗಳ ಬದಲು ಆರರಿಂದ ಎಂಟು ತಿಂಗಳು ಬೇಕು, ಅಷ್ಟೇ. ಇದು ಬೆಂಗಳೂರು ಪದ್ಧತಿ ಎಂದೇ ಹೆಸರಾಯಿತು. ಉತ್ತರ ಭಾರತದ ಹಳ್ಳಿಗಳನ್ನು ಸುತ್ತಿದ ಹೋವರ್ಡ್, ಜನ ಬಯಲಿಗೆ ಹೋಗುವ ಊರ ಪಕ್ಕದ ಹೊಲಗಳೇ ಹೆಚ್ಚು ಫಲವತ್ತಾಗಿರುವುದನ್ನು ಗಮನಿಸಿ ಬರೆದಿದ್ದರು. ಆ ಸಾರವನ್ನು ರೋಗ ಹರಡದ ಹಾಗೆ ಹೊಲಕ್ಕೆ ತಲುಪಿಸುವ ದಾರಿಯನ್ನು ಆಚಾರ್ಯರ ಗುಂಡಿ ತೋರಿಸಿತು. ಸಮಯ ಇದ್ದು ಆಳು ಇಲ್ಲದವರಿಗೆ ಬೆಂಗಳೂರು ಪದ್ಧತಿ, ಆಳು ಇದ್ದು ಗೊಬ್ಬರ ಬೇಗ ಬೇಕಾದವರಿಗೆ ಇಂದೋರ್ ಪದ್ಧತಿ ಎಂದು ಇವತ್ತಿಗೂ ಕೃಷಿ ವಿದ್ಯಾರ್ಥಿಗಳು ಓದುತ್ತಾರೆ.

ಹೋವರ್ಡ್ ಹೇಳಿದ್ದೆಲ್ಲವೂ ಸರಿ ಎಂದು ಕಾಲ ಒಪ್ಪಿಲ್ಲ. ಒಳ್ಳೆಯ ಮಣ್ಣೊಂದಿದ್ದರೆ ಎಲ್ಲ ರೋಗ ದೂರ ಎನ್ನುವಷ್ಟು ಪುರಾವೆ ಸಿಕ್ಕಿಲ್ಲ. ರಾಸಾಯನಿಕ ಗೊಬ್ಬರ ಬಂದ ಮೇಲೆ ಭಾರತದ ಧಾನ್ಯದ ಕಣಜ ತುಂಬಿದ್ದೂ ಸುಳ್ಳಲ್ಲ. ಆದರೆ ಬೇರಿನ ಶಿಲೀಂಧ್ರಗಳ ಬಗ್ಗೆ, ಹ್ಯೂಮಸ್ ಕಳಕೊಂಡ ಮಣ್ಣು ನೀರು ಹಿಡಿಯುವುದಿಲ್ಲ ಎನ್ನುವ ಬಗ್ಗೆ ಅವರು ಹೇಳಿದ್ದನ್ನು ಇವತ್ತು ಮಣ್ಣು ವಿಜ್ಞಾನಿಗಳು ಪಾಠದಲ್ಲೇ ಹೇಳುತ್ತಾರೆ. ಚೀಲದ ಗೊಬ್ಬರ ಹಾಕುವ ಹೊಲಕ್ಕೂ ಕೊಟ್ಟಿಗೆ ಗೊಬ್ಬರ ಬೇಕು ಎಂದು ಕೃಷಿ ಇಲಾಖೆಯೇ ಶಿಫಾರಸು ಮಾಡುತ್ತದೆ.

ಕೊಲ್ಲಿ ದೇಶಗಳಲ್ಲಿ ದುಡಿಯುವ ಎಷ್ಟೋ ಕನ್ನಡಿಗರಿಗೆ ಊರಿನಲ್ಲಿ ಸ್ವಲ್ಪವಾದರೂ ಗದ್ದೆ, ತೋಟ ಇದೆ. ಇಲ್ಲಿಂದ ಕಳಿಸುವ ದುಡ್ಡಿನಲ್ಲಿ ಒಂದು ಪಾಲು ಗೊಬ್ಬರದ ಚೀಲಕ್ಕೆ ಹೋಗುತ್ತದೆ. ಅದೇ ತೋಟದ ಮಡಲು, ಸೋಗೆ, ತರಗೆಲೆಗೆ ಮೂಲೆಯಲ್ಲಿ ಬೆಂಕಿ ಬೀಳುತ್ತಿರುತ್ತದೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಎರಡು ಅಡಿ ಆಳದ ಒಂದು ಹೊಂಡ ತೆಗೆಸಿ, ಆ ಬೆಂಕಿಯನ್ನು ನಿಲ್ಲಿಸಿದರೆ ಸಾಕು. ಮಗುಚುವವರಿಲ್ಲದಿದ್ದರೆ ಮೇಲೆ ಕೆಸರು ಮೆತ್ತಿ ಬಂದರೂ ಆಯಿತು. ಮುಂದಿನ ವರ್ಷದ ರಜೆಗೆ ಹೋಗುವಷ್ಟರಲ್ಲಿ ಗೊಬ್ಬರ ಸಿದ್ಧವಾಗಿರುತ್ತದೆ.